ಅತ್ತೆಯ ಟಕಾರ

ಡೇನಿಶ್ ಮಾತಾಡುವ ಮನೆಯಲ್ಲಿ ಹುಟ್ಟಿ ಜರ್ಮನ್ ಮಾತಾಡುವ ಮನೆಗೆ ಸೊಸೆಯಾಗಿ ಬಂದಾಗ ಆಕೆಗೆ ಹೊಲಿಗೆ ಚೆನ್ನಾಗಿ ಬರುತ್ತಿತ್ತು, ಜರ್ಮನ್ ಮಾತ್ರ ಅರೆಬರೆ. ಬಂದ ಹೊಸತರಲ್ಲೇ ಬೀದಿ ಮೂಲೆಯ ಅಂಗಡಿಯಲ್ಲಿ ಚಹಾ ಕೇಳಿದಳು. ಜರ್ಮನ್‌ನಲ್ಲಿ ಚಹಾಕ್ಕೆ 'ಟೇ'. ಆಕೆಯ ಬಾಯಲ್ಲಿ ಅದು 'ತ್ಸೇ' ಎಂದು ಹೊರಟಿತು. 'ತ್ಸೇ' ಅಂದರೆ ಕಾಲ್ಬೆರಳು!

"ಯಾವ ಕಾಲಿಂದು ಕೊಡ್ಲಿ ತಾಯಿ, ಎಡಗಾಲಿಂದೋ ಬಲಗಾಲಿಂದೋ?" ಎಂದ ಅಂಗಡಿಯವನು. ಅಂದಿನಿಂದ ಬೀದಿಗೆಲ್ಲ ಆಕೆ ಕಾಲ್ಬೆರಳಮ್ಮ.

ಮೂಲೆ ಹಿಡಿದು ಕೂರುವ ಪೈಕಿಯಲ್ಲ ಆಕೆ. ಮನೆಯ ಮುಂದಿನ ಕೋಣೆಯಲ್ಲೇ ಹೊಲಿಗೆ ಯಂತ್ರ ಹಾಕಿದಳು. ಆಡಿಕೊಂಡವರೇ ಹರಿದ ಕೋಟು ಹೊತ್ತು ಬಂದರು. ಆದರೂ ಟಕಾರ ಮಾತ್ರ ಗಂಟಲಲ್ಲಿ ಸಿಕ್ಕ ಮುಳ್ಳಾಗಿಯೇ ಉಳಿಯಿತು. ಆ ಸದ್ದಿನ ಮಾತು ಎದುರಾದರೆ ಸುತ್ತುಬಳಸಿ ಬೇರೆ ಮಾತು ಹುಡುಕುತ್ತಿದ್ದಳು, ಇಲ್ಲವೇ ಗುಂಡುಸೂಜಿ ಕಚ್ಚಿಕೊಂಡು ಸುಮ್ಮನಾಗುತ್ತಿದ್ದಳು.

ವರ್ಷಗಳು ಉರುಳಿದ ಮೇಲೆ ಮಗ ಮದುವೆಯಾದದ್ದು ಧ್ವನಿಶಾಸ್ತ್ರ ಓದಿದ ಹುಡುಗಿಯನ್ನು. ಡೇನಿಶ್, ಜರ್ಮನ್ ಎರಡೂ ಭಾಷೆಗಳ ವ್ಯಂಜನಗಳನ್ನು ಅಳೆದು ಹೋಲಿಸುವುದು ಅವಳ ಸಂಶೋಧನೆ.

"ಅತ್ತೆ, ನಂಗೆ ನಿಮ್ಮ ಬಾಯಿ ಬೇಕು" ಎಂದಳು ಒಂದು ದಿನ.

"ತಗೋ ಮಾರಾಯ್ತಿ, ಹೇಗೂ ಬಾಗಿಲು ಹಾಕಿಟ್ಟಿದ್ದೆ."

ಹೊರಗಿನ ಸದ್ದು ಬಾರದಂತೆ ಗೋಡೆಗೆಲ್ಲ ಮೆತ್ತೆ ಬಡಿದ ಪುಟ್ಟ ಕೋಣೆಯಲ್ಲಿ, ಮೈಕಿನ ಮುಂದೆ, ಆಕೆ ತವರಿನ ಪದಗಳನ್ನು ಓದಿದಳು. ಜರ್ಮನ್ ಪದಗಳನ್ನು ಆಕೆಯ ಗಂಡ ಓದಿದ. ಸೊಸೆ ಎರಡನ್ನೂ ಕಂಪ್ಯೂಟರಿನಲ್ಲಿ ಚಿತ್ರವಾಗಿಸಿ ತೋರಿಸಿದಳು.

"ಇಲ್ನೋಡಿ, ಮಾವನ ಟಕಾರ. ನಾಲಗೆ ಬಿಟ್ಟ ಕೂಡ್ಲೇ ಬರೀ ಉಸಿರು. ನಿಮ್ಮದ್ರಲ್ಲಿ ಮೊದ್ಲು 'ಸ್' ಅಂತ ಸಣ್ಣ ಸದ್ದು, ಆಮೇಲೆ ಉಸಿರು. ಎಷ್ಟು ಸಲ ಹೇಳಿದ್ರೂ ಹಾಗೇ."

"ಹಾಗಾದ್ರೆ ನನ್ನ ನಾಲಗೆ ಸೊಟ್ಟ ಅಲ್ವಾ?"

"ಎಲ್ಲಿಯ ಸೊಟ್ಟ? ಡೇನಿಶ್ ಟಕಾರ ಇರೋದೇ ಹೀಗೆ, ಅತ್ತೆ!"

ಆಕೆ ಪರದೆಯ ಹತ್ತಿರಕ್ಕೆ ಬಗ್ಗಿ, ಹೊಸ ಬಟ್ಟೆಯ ನೇಯ್ಗೆ ನೋಡುವ ಹಾಗೆ ಆ ಕಪ್ಪು ಗೆರೆಗಳನ್ನು ಬಹಳ ಹೊತ್ತು ನೋಡಿದಳು. ಗಂಡ ಸಂಕೋಚದಿಂದ ಕೆಮ್ಮಿದ. ಆಗೆಲ್ಲ ನಕ್ಕವರಲ್ಲಿ ಅವನೂ ಇದ್ದ.

ಸೊಸೆ ತನ್ನ ಸಂಶೋಧನೆ ಮಂಡಿಸಿದ ದಿನ ಆಕೆ ತಾನೇ ಹೊಲಿದ ನೀಲಿ ಕೋಟು ತೊಟ್ಟು ಹೋದಳು. ತುಂಬಿದ ಸಭೆಯಲ್ಲಿ ಆಕೆಯದೇ ದನಿ ಮೊಳಗಿತು.

"ಈ ದನಿ ನಮ್ಮ ಅತ್ತೇದು. ಅಗೋ, ಅಲ್ಲೇ ಕೂತಿದ್ದಾರೆ" ಎಂದಳು ಸೊಸೆ.

ಚಪ್ಪಾಳೆ ಬಿತ್ತು. ಆಕೆ ಎದ್ದು ನಿಂತಳು. ಡೇನಿಶ್‌ನಲ್ಲಿ ಧನ್ಯವಾದ ಹೇಳುವ ಮಾತು ಶುರುವಾಗುವುದೇ ಟಕಾರದಿಂದ. ಅದನ್ನು ಸದ್ದು, ಉಸಿರು ಎಲ್ಲ ಸೇರಿಸಿ, ಕೊನೆಯ ಸಾಲಿಗೂ ಕೇಳುವಂತೆ ಹೇಳಿದಳು. ಗಂಡ ಮಾತ್ರ ಕೂತಲ್ಲೇ ಅಕ್ಕಪಕ್ಕದವರನ್ನು ಮುಟ್ಟಿ ಮುಟ್ಟಿ, "ನಮ್ಮ ಮನೆಯವಳು, ನಮ್ಮ ಮನೆಯವಳು" ಎನ್ನುತ್ತಿದ್ದ.