ಟೇಪಮ್ಮ ಅಳತೆ ತಿದ್ದಿದ ಹುಡುಗಿ

ಟೇಪಮ್ಮನ ನಿಜವಾದ ಹೆಸರು ಕೇಳಿದರೆ ಅವಳ ಸ್ವಂತ ತಂಗಿಯೂ ಒಂದು ಕ್ಷಣ ತಡವರಿಸುತ್ತಾಳೆ. ಅಳತೆ ಟೇಪು ಕೊರಳಲ್ಲಿಲ್ಲದೆ ಅವಳನ್ನು ನೋಡಿದವರೇ ಇಲ್ಲ. ಹಲ್ಲಿನ ಡಾಕ್ಟರ ಕುರ್ಚಿಯಲ್ಲೂ ಹಾಗೇ ಕೂತು ನಗೆಪಾಟಲಾದವಳು. ಮೂವತ್ತು ವರ್ಷ ಯೂನಿಫಾರಂ ಹೊಲಿದಳು: ನರ್ಸುಗಳಿಗೆ, ಬಸ್ಸು ಓಡಿಸುವ ಹೆಂಗಸರಿಗೆ, ಬೆಂಕಿ ಆರಿಸುವವರಿಗೆ. ತೊಟ್ಟವರನ್ನು ಕನ್ನಡಿ ಮುಂದೆ ನಿಲ್ಲಿಸಿ ಹೊಗಳುವ ಜಾಯಮಾನವೇ ಅವಳದಲ್ಲ. ಕೈ ಎತ್ತಿಸಬೇಕು, ಕುಕ್ಕರಗಾಲಲ್ಲಿ ಕೂರಿಸಬೇಕು, ಅಂಗಡಿಯ ಸ್ಟೂಲು ಹತ್ತಿ ಇಳಿಸಬೇಕು. ಎಲ್ಲೂ ಬಿಗಿಯಿಲ್ಲ ಅಂದ ಮೇಲೇ ಗುಂಡಿ ಹಾಕುತ್ತಿದ್ದಳು. ಅಂಗಡಿಯಿದ್ದ ಕಟ್ಟಡ ಕೆಡವಿದ ಮೇಲೆ ಕೈ ಸುಮ್ಮನಿರಲಾರದೆ, ಮೂರು ತಿಂಗಳು ಮನೆಯ ಪರದೆಗಳನ್ನೇ ಬಿಚ್ಚಿ ಬಿಚ್ಚಿ ಹೊಲಿದಳು.

ಅವಳನ್ನು ಎಬ್ಬಿಸಿಕೊಂಡು ಹೋದವಳು ತಂಗಿಯ ಮಗಳು. ಹುಡುಗಿ ವಿಡಿಯೋ ಗೇಮ್ ತಯಾರಿಸುವ ಆಫೀಸಿನಲ್ಲಿ ಪಾತ್ರಗಳ ಮೈ ರೂಪಿಸುವವಳು.

"ದೊಡ್ಡಮ್ಮ, ಕಂಪ್ಯೂಟರ್‌ನಲ್ಲೂ ಬಟ್ಟೇನ ತುಂಡು ತುಂಡಾಗಿ ಕತ್ತರಿಸಿ ಜೋಡಿಸ್ಬೇಕು. ನಮ್ಮಲ್ಲಿ ಒಬ್ಬರಿಗೂ ತೋಳು ಕೂರಿಸೋಕೆ ಬರಲ್ಲ. ನೀನು ಕಾಗದದಲ್ಲಿ ಕತ್ತರಿಸಿ ಕೊಟ್ರೆ ಸಾಕು, ಒಳಗೆ ಹಾಕೋದು ನಮ್ಮ ಕೆಲಸ."

ಒಂದು ತಿಂಗಳು ನೋಡೋಣ, ಆಮೇಲೆ ಕಾಯಂ ಮಾಡೋಣ ಎಂದ ಅಲ್ಲಿನ ಮುಖ್ಯಸ್ಥ. ಟೇಪಮ್ಮನ ಮಗನ ವಯಸ್ಸಿನವನು. ಮೊದಲ ದಿನ ತಾನೇ ಟೀ ತಂದುಕೊಟ್ಟಿದ್ದ.

ಆಟ ಇಷ್ಟೇ: ಪಾಳುಬಿದ್ದ ಊರು, ಎತ್ತೆತ್ತರದ ಗೋಡೆಗಳು, ಹತ್ತುವವರು ನಾಲ್ವರು. ಮೂವರು ಗಂಡಸರು, ಒಬ್ಬಳು ಹುಡುಗಿ. ಆಡುವವರು ಯಾರನ್ನು ಆರಿಸಿಕೊಳ್ಳುತ್ತಾರೋ ಅವರೇ ಆಗಿ ಹತ್ತಬೇಕು. ಗಂಡಸರ ಬಟ್ಟೆ ಎರಡು ವಾರದಲ್ಲಿ ಮುಗಿಯಿತು. ಮೂರನೇ ವಾರ ಹುಡುಗಿಯ ಅಳತೆ ಚೀಟಿ ಬಂತು: ಎತ್ತರ ಆರಡಿ, ಸೊಂಟ ಹದಿನೆಂಟು ಇಂಚು.

ಟೇಪಮ್ಮ ಚೀಟಿಯನ್ನು ಕಣ್ಣಿನ ಹತ್ತಿರ ಹಿಡಿದಳು. ಯಾರೋ ಆತುರದಲ್ಲಿ ಎರಡರ ಜಾಗದಲ್ಲಿ ಒಂದು ಬರೆದಿದ್ದಾರೆ ಅಂದುಕೊಂಡಳು. ಇಂಥ ತಪ್ಪನ್ನು ಗಿರಾಕಿಗೆ ಹೇಳಿ ನಾಚಿಸುವ ಅಭ್ಯಾಸ ಅವಳಿಗಿಲ್ಲ. ಸದ್ದಿಲ್ಲದೆ ಇಪ್ಪತ್ತೆಂಟು ಮಾಡಿ, ಉಸಿರಾಡಲು ಇನ್ನೆರಡು ಇಂಚು ಸಡಿಲ ಬಿಟ್ಟು ಕತ್ತರಿಸಿಕೊಟ್ಟಳು.

ಕಂಪ್ಯೂಟರ್ ಪರದೆಯ ಮೇಲೆ ಆ ಬಟ್ಟೆ ಹುಡುಗಿಗೆ ಗೋಣಿಚೀಲ ತೊಡಿಸಿದ ಹಾಗೆ ಜೋತುಬಿತ್ತು. ಆಫೀಸಿಗೆ ಆಫೀಸೇ ಗೊಳ್ಳೆಂದಿತು.

"ಆ ಹುಡುಗೀನ ಕರೆಸಿ ಸರ್, ನಾನೇ ಅಳತೆ ತಗೋತೀನಿ" ಎಂದುಬಿಟ್ಟಳು ಟೇಪಮ್ಮ. ಮೂವತ್ತು ವರ್ಷದ ರೂಢಿಯ ಮಾತು, ಬಾಯಿಗೆ ತಾನಾಗಿ ಬಂದಿತ್ತು. ನಗು ಇನ್ನೂ ಜೋರಾಯಿತು. ಕಿವಿ ಬಿಸಿಯಾಗಿ, ಎಲ್ಲಾದರೂ ಹೋಗಿ ಅಡಗಿಕೊಳ್ಳೋಣ ಅನ್ನಿಸಿತು ಅವಳಿಗೆ.

ತಂಗಿಯ ಮಗಳು ಮಾತ್ರ ನಗಲಿಲ್ಲ. "ಅಳತೆ ತಪ್ಪಲ್ಲ ದೊಡ್ಡಮ್ಮ" ಎಂದಳು ಮೆಲ್ಲಗೆ. "ನಾನೇ ಹಾಗೆ ಮಾಡಿದ್ದು. ಹಾಗೇ ಬೇಕು ಅಂದ್ರು."

ಸರಿ, ಹೇಳಿದ ಅಳತೆಗೇ ಕತ್ತರಿಸಿದಳು. ನಿಂತಾಗ ಒಂದು ಸುಕ್ಕಿಲ್ಲದೆ ಕೂತಿತು. ಮುಖ್ಯಸ್ಥ ಭಲೇ ಎಂದ. ಆದರೆ ಹುಡುಗಿ ಗೋಡೆಗೆ ಕೈ ಎತ್ತಿದ್ದೇ ತಡ, ಬಟ್ಟೆ ಕಂಕುಳಿಂದ ಸೊಂಟದವರೆಗೆ ಬಾಯಿಬಿಟ್ಟಿತು. ಮೂರು ಸಲ ತಿದ್ದಿದರು, ಮೂರು ಸಲವೂ ಅದೇ ಕಥೆ.

"ಈ ಬಟ್ಟೇಲಿ ಹತ್ತೋಕಾಗಲ್ವಾ ಅಮ್ಮ?" ಎಂದು ಕೇಳಿದ ಮುಖ್ಯಸ್ಥ.

"ಆಗಲ್ಲ ಸರ್."

"ಹಾಗಾದ್ರೆ ಇವಳು ಹತ್ತೋದು ಬೇಡ. ಕೆಳಗೆ ಕಾವಲಿರ್ಲಿ. ಹತ್ತೋಕೆ ಆ ಮೂವರಿದ್ದಾರಲ್ಲ."

ಟೇಪಮ್ಮನಿಗೆ ಮೈಯೆಲ್ಲ ಉರಿಯಿತು. ನಿಜವನ್ನೇ ಹೇಳಿದ್ದಳು, ಆ ನಿಜವನ್ನೇ ಹಿಡಿದು ಹುಡುಗಿಯ ಕೈಕಾಲು ಕಟ್ಟಿದ್ದರು. ಅವತ್ತಿಗೆ ತಿಂಗಳು ತುಂಬುತ್ತಿತ್ತು. ಬಾಯಿ ಮುಚ್ಚಿಕೊಂಡಿದ್ದರೆ ನಾಳೆಯಿಂದ ಕಾಯಂ ಕೆಲಸ. ಅದು ಅವಳಿಗೆ ಬೇಕಾಗಿತ್ತು, ತುಂಬಾ ಬೇಕಾಗಿತ್ತು.

"ಬಟ್ಟೆ ಹರಿದ್ರೆ ಬಟ್ಟೆ ದೊಡ್ಡದು ಮಾಡ್ತಾರೆ ಸರ್. ತೊಟ್ಟವಳನ್ನ ಮೂಲೇಲಿ ಕೂರಿಸಲ್ಲ."

"ದೊಡ್ಡದು ಮಾಡಿದ್ರೆ ಮೈಗೆ ಕೂರಲ್ಲ ಅಂತ ಅವತ್ತೇ ನೋಡಿದ್ವಲ್ಲ?"

"ಹಾಗಾದ್ರೆ ಮೈನೂ ದೊಡ್ಡದು ಮಾಡಿ. ಅದೂ ನೀವೇ ಮಾಡಿದ್ದಲ್ವಾ?"

ಈ ಸಲ ಯಾರೂ ನಗಲಿಲ್ಲ. ತಂಗಿಯ ಮಗಳು ಮುಖ್ಯಸ್ಥನ ಮುಖ ನೋಡಿದಳು, ದೊಡ್ಡಮ್ಮನ ಮುಖ ನೋಡಿದಳು, ಮೌಸ್ ಹಿಡಿದಳು. ಟೇಪಮ್ಮ ಅವಳ ಕುರ್ಚಿಯ ಹಿಂದೆ ನಿಂತು "ಇನ್ನೊಂದಿಂಚು... ಇನ್ನೂ ಒಂದು... ಭುಜ ಸ್ವಲ್ಪ ಅಗಲ" ಎನ್ನುತ್ತ ಹೋದಳು. ಸೊಂಟ ಬಂತು, ಬೆನ್ನು ಬಂತು, ತೋಳಿಗೆ ಕಸುವು ಬಂತು. ಬಟ್ಟೆಯನ್ನೂ ಅದಕ್ಕೆ ತಕ್ಕಂತೆ ದೊಡ್ಡದು ಮಾಡಿದರು. ಹುಡುಗಿ ಕೈ ಎತ್ತಿದಳು, ಕಲ್ಲು ಹಿಡಿದಳು, ಸರಸರನೆ ಹತ್ತಿ ಗೋಡೆಯ ನೆತ್ತಿಯ ಮೇಲೆ ನಿಂತಳು.

ಮುಖ್ಯಸ್ಥ ಗಲ್ಲ ಕೆರೆದುಕೊಂಡ. "ಚೆನ್ನಾಗೇ ಹತ್ತುತ್ತಾಳೆ. ಇರಲಿ ಬಿಡಿ, ಹೀಗೇ ಇರಲಿ" ಎಂದ. ಆಮೇಲೆ ಟೇಪಮ್ಮನನ್ನು ಪಕ್ಕಕ್ಕೆ ಕರೆದು, "ತಪ್ಪು ತಿಳ್ಕೋಬೇಡಿ ಅಮ್ಮ. ನನಗೆ ಹೇಳಿದ್ದನ್ನ ಹೇಳಿದ ಹಾಗೇ ಕತ್ತರಿಸೋರು ಬೇಕು. ನಾಳೆಯಿಂದ ಬರೋದು ಬೇಡ" ಎಂದ. ಹೇಳುವಾಗ ಅವನ ದನಿಯೂ ಇಳಿದಿತ್ತು.

ಟೇಪಮ್ಮ ಕತ್ತರಿ, ಸೀಮೆಸುಣ್ಣ, ಸ್ಕೇಲು ಚೀಲಕ್ಕೆ ತುಂಬಿಕೊಂಡಳು. ತಂಗಿಯ ಮಗಳು ಕಣ್ಣೊರೆಸಿಕೊಂಡು ಕೇಳಿದಳು: "ಬೇಜಾರಾಯ್ತಾ ದೊಡ್ಡಮ್ಮ?"

"ಆಗ್ದೆ ಇರುತ್ತಾ? ಆಯ್ತು. ಅವಳನ್ನ ಇನ್ನೊಂದ್ಸಲ ಹತ್ತಿಸು, ನೋಡ್ಕೊಂಡು ಹೋಗ್ತೀನಿ."

"ನೀನೇ ಹತ್ತಿಸು" ಎಂದು ತಂಗಿಯ ಮಗಳು ಆಟದ ಕಂಟ್ರೋಲರ್ ಅನ್ನು ಅವಳ ಕೈಗಿಟ್ಟಳು.

ಜನ್ಮದಲ್ಲಿ ಅದನ್ನು ಮುಟ್ಟಿದವಳಲ್ಲ. ಮೊದಲು ಪರದೆಯ ಹುಡುಗಿ ಗೋಡೆಗೆ ಬೆನ್ನು ಹಾಕಿ ನಡೆದೇಬಿಟ್ಟಳು. ಎಳೆದು ತಂದು ನಿಲ್ಲಿಸಿದರೆ ಅರ್ಧ ಹತ್ತಿ ಧೊಪ್ಪನೆ ಕೆಳಗೆ.

"ಅಯ್ಯೋ, ಬಿದ್ದೆ!" ಎಂದು ಕೂಗಿದಳು ಟೇಪಮ್ಮ.

ತಂಗಿಯ ಮಗಳು ಸಹಾಯಕ್ಕೆ ಕೈ ಚಾಚಿದಳು. ಟೇಪಮ್ಮ ಮೊಣಕೈಯಿಂದ ಅವಳನ್ನು ತಳ್ಳಿ, ಚೀಲವನ್ನು ನೆಲಕ್ಕಿಟ್ಟು, ಕುರ್ಚಿ ಎಳೆದುಕೊಂಡಳು.

"ಬಿಡು, ನಾನೇ ಹತ್ತೀನಿ."