ಉಪವಾಸದ ಹಂದಿ ಮತ್ತು ರಾಯ್ನಾಳ ಹಂಡೆ

ನಮ್ಮ ವಿತೋಶಾ ಬೆಟ್ಟದ ಬುಡದಲ್ಲಿ ಸಿನಿಮಾದವರು ಯುದ್ಧ ಮಾಡಿಸುತ್ತಿದ್ದಷ್ಟು ಕಾಲ ರಾಯ್ನಾಳ ಒಲೆ ಆರಲಿಲ್ಲ. ಇಪ್ಪತ್ತೆರಡು ವರ್ಷ, ಗುಂಪಿನ ದೃಶ್ಯಕ್ಕೆ ಬಂದವರೆಲ್ಲ ಉಂಡದ್ದು ಅವಳು ಮಾಡಿದ ಬೀನ್ಸ್ ಕಾಳಿನ ಸಾರು. ನಾನೇ ಒಂಬತ್ತು ಸಿನಿಮಾಗಳಲ್ಲಿ ಸತ್ತಿದ್ದೇನೆ. ಒಂದರಲ್ಲೂ ಹಸಿದು ಸತ್ತಿಲ್ಲ. "ಹೆಣಗಳಾ, ಎದ್ದು ಬನ್ರೋ, ಸಾರು ಆರ್ತಿದೆ" ಎಂದು ಅವಳು ಕೂಗಿದರೆ ಎರಡೂ ಕಡೆಯ ಸೈನಿಕರು ಒಂದೇ ಸಾಲಿನಲ್ಲಿ ನಿಲ್ಲುತ್ತಿದ್ದರು.

ಆಮೇಲೆ ನಿರ್ಮಾಪಕ ಆಸೆನ್‌ಗೆ ಜ್ಞಾನೋದಯವಾಯಿತು. ಕಂಪ್ಯೂಟರಿಗೆ ನಾಲ್ಕು ಸಾಲು ಬರೆದುಕೊಟ್ಟರೆ ಸಾಕಂತೆ, ಜನರ ಸಮೇತ ಇಡೀ ಹಳ್ಳಿಯ ವೀಡಿಯೊ ಅದೇ ಹುಟ್ಟಿಸಿ ಕೊಡುತ್ತದಂತೆ. ಆ ಜನ ಕೂಲಿ ಕೇಳುವುದಿಲ್ಲ, ಬಸ್ಸು ಕೇಳುವುದಿಲ್ಲ, ಎರಡನೇ ಸೌಟು ಸಾರನ್ನಂತೂ ಕೇಳುವುದೇ ಇಲ್ಲ. ಅವನಿಗೆ ಹಾಲು ಕುಡಿದಷ್ಟು ಸಂತೋಷ. ರಾಯ್ನಾಳ ಹಂಡೆ ಬೋರಲು ಬಿತ್ತು. ಅವಳಿಗೆ ಬರುತ್ತಿದ್ದದ್ದು ಅದೊಂದೇ ಕೆಲಸ.

ಹಾಗೆ ತಯಾರಾದ ಹಳ್ಳಿಯ ಸಿನಿಮಾವನ್ನು ಆಸೆನ್ ಮೊದಲು ನಮಗೇ ತೋರಿಸಿದ, ಊರಿನ ಸಭಾಂಗಣದಲ್ಲಿ. ಕ್ರಿಸ್‌ಮಸ್ ಹಿಂದಿನ ಸಂಜೆಯ ಊಟದ ದೃಶ್ಯ ಬಂತು. ನಮ್ಮಲ್ಲಿ ಅದು ಉಪವಾಸದ ಊಟ, ಮಾಂಸವಿರಲಿ, ಹಾಲು ಮೊಟ್ಟೆಯನ್ನೂ ಮುಟ್ಟುವಂತಿಲ್ಲ. ಪರದೆಯ ಮೇಲಿನ ಭಕ್ತರ ಮುಂದೆ ಬಾಯಲ್ಲಿ ಸೇಬು ಕಚ್ಚಿದ, ಇಡಿಯಾಗಿ ಸುಟ್ಟ ಹಂದಿ! ಅಜ್ಜಿಯರು ಶಿಲುಬೆಯ ಗುರುತು ಹಾಕಿಕೊಂಡರು. ಉಳಿದವರು ಹಂದಿಯ ಅಭಿನಯಕ್ಕೆ ಚಪ್ಪಾಳೆ ತಟ್ಟಿದೆವು.

ಮರುದಿನ ಆಸೆನ್ ತನ್ನ ಮನೆಗೆ ಬರುತ್ತಾನೆಂದು ತಿಳಿದು ರಾಯ್ನಾ ಹಂಡೆಯನ್ನು ಬೂದಿ ಹಾಕಿ ಉಜ್ಜಿ ಹೊಳೆಯಿಸಿದಳು. ನಾನೂ ಅಲ್ಲೇ ಇದ್ದೆ. ಅವನಿಗೆ ಬಟ್ಟಲು ತುಂಬ ಸಾರು ಹಾಕಿ, "ಎಷ್ಟು ಜನಕ್ಕೆ ಮಾಡ್ಬೇಕಪ್ಪಾ?" ಎಂದಳು.

"ಮಾಡೋದೇನೂ ಬೇಡ ಅತ್ತೆ. ಮೇಜಿನ ಮೇಲೆ ಏನೇನಿರ್ಬೇಕು ಅಂತ ಬಾಯಲ್ಲಿ ಹೇಳು ಸಾಕು. ಕಂಪ್ಯೂಟರ್‌ಗೆ ಹೇಳಿಬಿಡ್ತೀನಿ," ಎಂದು ಫೋನು ಮುಂದೆ ಹಿಡಿದ.

ಅವಳ ಮುಖ ಕಪ್ಪಿಟ್ಟಿತು. ನನಗೆ ಅವನ ತಲೆಯ ಮೇಲೆ ಬಟ್ಟಲು ಕವುಚಬೇಕೆನಿಸಿತು. ಸುಳ್ಳು ಹೇಳಬಹುದಿತ್ತು ಅವಳು. ಆದರೆ ಆ ಸಂಜೆಯ ಊಟದ ವಿಷಯದಲ್ಲಿ ಸುಳ್ಳಾಡಿದರೆ ಪಾಪವೆಂದು ನಂಬಿದವಳು. ಅಡುಗೆಗಳು ಬೆಸ ಸಂಖ್ಯೆಯಲ್ಲಿರಬೇಕು ಎಂದಳು. ಕಾಳಿನ ಸಾರು, ಬೇಯಿಸಿದ ಗೋಧಿ, ಅಕ್ರೋಟು, ಕುಂಬಳದ ಕಡುಬು ಎಂದು ಶುರುಮಾಡಿ ಏಳು ಅಡುಗೆಗಳನ್ನೂ ಎಣಿಸಿದಳು. ರೊಟ್ಟಿಯನ್ನು ಕೈಯಿಂದಲೇ ಮುರಿಯಬೇಕು ಎಂದಳು. "ಇನ್ನೊಂದು ಮುಖ್ಯವಾದ್ದು..." ಎನ್ನುವಷ್ಟರಲ್ಲಿ ಅವನ ಫೋನು ಬಡಿದುಕೊಂಡಿತು. ಅರ್ಧ ಬಟ್ಟಲು ಬಿಟ್ಟು ಎದ್ದೇ ಹೋದ.

ತಿದ್ದಿದ ಸಿನಿಮಾ ರಾಜಧಾನಿಯ ದೊಡ್ಡ ಚಿತ್ರಮಂದಿರದಲ್ಲಿ ಬಿಡುಗಡೆಯಾಯಿತು. ರಾಯ್ನಾಳ ಜೊತೆ ನಾವೂ ನೋಡಲು ಹೋಗಿದ್ದೆವು. ಮೇಜಿನ ಮೇಲೆ ಏಳು ಅಡುಗೆ, ಸಾರಿನಲ್ಲಿ ಹಬೆ ಸಹ. ಜನ ತಲೆದೂಗುತ್ತಿರುವಾಗಲೇ ಪರದೆಯ ಮೇಲಿನ ಯಜಮಾನ ಊಟದ ನಡುವೆ ಎದ್ದು, ಕಿಟಕಿಯ ಬಳಿ ನಿಂತು ಹಿಮ ನೋಡತೊಡಗಿದ. ಅವನ ಹಿಂದೆ ಉಳಿದವರೂ ಒಬ್ಬೊಬ್ಬರಾಗಿ ಎದ್ದರು. ಆ ಮೇಜಿನಿಂದ ನಡುವೆ ಎದ್ದರೆ ಮನೆಯ ಕೋಳಿ ಕಾವಿಗೆ ಕೂರುವುದಿಲ್ಲ, ಭಾಗ್ಯವೂ ಎದ್ದು ಹೋಗುತ್ತದೆ. ನಮ್ಮಲ್ಲಿ ತೊಟ್ಟಿಲ ಕೂಸಿಗೂ ಇದು ಗೊತ್ತು. ಚಿತ್ರಮಂದಿರಕ್ಕೆ ಚಿತ್ರಮಂದಿರವೇ ನಕ್ಕಿತು.

ಆಸೆನ್ ನೇರವಾಗಿ ರಾಯ್ನಾಳ ಕುರ್ಚಿಯ ಬಳಿ ಬಂದ. "ಇದನ್ನ ಯಾಕತ್ತೆ ಹೇಳ್ಲಿಲ್ಲ?"

"ಹೇಳೋಕೇ ಹೊರಟಿದ್ದೆ ಕಣಪ್ಪಾ," ಎಂದಳು ರಾಯ್ನಾ. "ಅಷ್ಟರಲ್ಲಿ ನೀನೇ ಎದ್ದು ಹೋದೆ."