ಸೊಳ್ಳೆ ಇಲ್ಲದ ಜಾಗ

ನಮ್ಮ ಚೀಫ್ ಇಂಜಿನಿಯರರ ಮೂಗಿನ ತುದಿಯಲ್ಲಿ ವರ್ಷವಿಡೀ ಸಿಪ್ಪೆ ಏಳುತ್ತಿತ್ತು. ಕುವೈತಿನ ಬಿಸಿಲಿಗೆ ಎಲ್ಲರ ಮುಖವೂ ಸುಡುತ್ತದೆ. ಆದರೆ ಇವರ ಮೂಗು ಉದ್ದದ್ದು, ಸಾಲದ್ದಕ್ಕೆ ಅದನ್ನು ಎಲ್ಲದರೊಳಗೂ ತೂರಿಸುತ್ತಿದ್ದರು. ಬಕಾಲಾದಲ್ಲಿ ಹಾಲಿನ ಪೊಟ್ಟಣ ಕೊಂಡರೆ ಅಂಗಡಿಯವನ ಎದುರಿಗೇ ಮೂಸುತ್ತಿದ್ದರು. ಶರ್ಕ್‌ನಲ್ಲಿದ್ದ ನಮ್ಮ ಆಫೀಸಿನ ಲಿಫ್ಟನ್ನು ಒಮ್ಮೆ ಖಾಲಿಯಾಗಿ ಮೇಲೆ ಕಳಿಸಿ, ಅದು ಕ್ಷೇಮವಾಗಿ ಕೆಳಗೆ ಬಂದ ಮೇಲಷ್ಟೇ ಹತ್ತುತ್ತಿದ್ದರು. ಹಿಂದೆ ನಿಂತ ನಾವು ಕೈಗಡಿಯಾರ ನೋಡಿಕೊಳ್ಳಬೇಕಿತ್ತು.

ಉಡುಪಿ ಕಡೆಯವರು. ಮದುವೆಯಾಗಿರಲಿಲ್ಲ. ಹೆಣ್ಣಿನ ಕಡೆಯವರನ್ನೂ ಮೂಸಿ ನೋಡಿರಬೇಕು ಎಂದು ನಾವು ನಗುತ್ತಿದ್ದೆವು. ಶುಕ್ರವಾರ ರಿಗ್ಗೈಯ ನಮ್ಮ ಮನೆಗೆ ಊಟಕ್ಕೆ ಬಂದರೆ ಸಾರಿನ ಪಾತ್ರೆಯ ಮೇಲೆ ಬಗ್ಗಿ, "ಇದು ಯಾವತ್ತಿನದ್ದು ಅಮ್ಮ?" ಎಂದು ಕೇಳುವರು. ನನ್ನ ಹೆಂಡತಿ ಮೈಸೂರಿನವಳು. ಅವರು ಹೋದ ಮೇಲೆ, "ಏನ್ರೀ, ನಾನೇನು ಅವರಿಗೆ ವಿಷ ಹಾಕ್ತೀನಾ?" ಎಂದು ನನ್ನ ಮೇಲೆ ಹರಿಹಾಯುತ್ತಿದ್ದಳು. ಆದರೂ ಮುಂದಿನ ಶುಕ್ರವಾರಕ್ಕೆ ಕರೆಯುವವಳೂ ಅವಳೇ.

ಎಂಬತ್ತರ ದಶಕದ ಮೊದಮೊದಲಲ್ಲಿ ನಮ್ಮ ಕಂಪನಿಗೆ ಆಫ್ರಿಕಾದ ಪಕ್ಕದ ಒಂದು ದ್ವೀಪದಲ್ಲಿ ಶಾಲೆ ಕಟ್ಟುವ ಕೆಲಸ ಸಿಕ್ಕಿತು. ಚೀಫ್, ನಾನು, ಪೇಶಾವರದ ಡ್ರೈವರ್, ಮೂವರು ಗಾರೆ ಕೆಲಸದವರು ಹೊರಟೆವು. ಹೆಂಡತಿಗೆ ಆಗ ನಾಲ್ಕು ತಿಂಗಳು. ಹೊರಡುವ ದಿನ ಅವಳು ನನಗೆ ಏನೂ ಹೇಳಲಿಲ್ಲ. ಚೀಫ್ ಹತ್ತಿರ ಹೋಗಿ, "ಸಾರ್, ಇವರಿಗೆ ಮುಂದೆ ನೋಡಿ ನಡೆಯೋ ಅಭ್ಯಾಸ ಇಲ್ಲ" ಎಂದಳು. ಅವರು ತಲೆಯಾಡಿಸಿದರು.

ದ್ವೀಪ ಕಣ್ಣಿಗೆ ಸ್ವರ್ಗ. ತೆಂಗು, ಲವಂಗ, ಎಲ್ಲದರ ಹಿಂದೆ ತಲೆಯ ಮೇಲೆ ಮೋಡ ಹೊತ್ತ ಬೆಂಕಿಬೆಟ್ಟ. ಮಳೆ ಸುರಿದರೆ ಧಾರಾಕಾರ. ಆದರೆ ನಿಂತ ಮರುಗಳಿಗೆ ನೆಲದ ಮೇಲೆ ಹನಿ ನೀರಿಲ್ಲ. ಕರಿಕಲ್ಲು ಜರಡಿಯ ಹಾಗೆ ಎಲ್ಲವನ್ನೂ ಒಳಗೆ ಬಿಟ್ಟುಕೊಳ್ಳುತ್ತಿತ್ತು. ಒಂದು ಹಳ್ಳವಿಲ್ಲ, ತೊರೆಯಿಲ್ಲ. ಜನ ಸೂರಿನ ನೀರನ್ನು ತೊಟ್ಟಿಯಲ್ಲಿ ಹಿಡಿದು ಕುಡಿಯುತ್ತಿದ್ದರು. "ಇಷ್ಟು ಮಳೆಯ ಊರಲ್ಲಿ ನೀರಿಲ್ಲ ಅಂದ್ರೆ ಅದು ಎಂಥ ಊರು ಮಾರಾಯ? ಇದು ಏನನ್ನೋ ಅಡಗಿಸಿಟ್ಟಿದೆ" ಎಂದು ಚೀಫ್ ಮೊದಲ ದಿನವೇ ಶುರು ಮಾಡಿದರು.

ಮರುದಿನ ಅವರು ಸಿಮೆಂಟ್ ಬಿಡಿಸಿಕೊಳ್ಳಲು ಬಂದರಿಗೆ ಹೋದರು. ಡೇರೆಗೆ ಜಾಗ ಹುಡುಕುವ ಕೆಲಸ ನನ್ನದು. ಕುವೈತಿನಲ್ಲಿ ಧೂಳುಗಾಳಿ ಎದ್ದು ಡೇರೆಗಳನ್ನು ಕಿತ್ತುಕೊಂಡು ಹೋಗುವುದನ್ನು ಕಂಡವರು ನಾವು. ಅಲ್ಲಿ ಕೆಲಸ ಕಲಿತವನು ಯಾರೇ ಆಗಲಿ, ಮೊದಲು ಹುಡುಕುವುದು ತಗ್ಗು. ಬೆಟ್ಟದ ಬುಡದಲ್ಲಿ ಮೂರು ಕಡೆ ಕಲ್ಲಿನ ಗೋಡೆಯಿದ್ದ ಬಟ್ಟಲಿನಂಥ ಜಾಗ ಸಿಕ್ಕಿತು. ತೆಂಗಿನ ತೋಟ ಕಾಯುವ ಮುದುಕರೊಬ್ಬರಿಗೆ ಅರಬ್ಬಿ ಬರುತ್ತಿತ್ತು. "ಜಾಗ ಚೆನ್ನಾಗಿದೆಯಾ?" ಎಂದು ಕೇಳಿದೆ. "ತಯ್ಯಿಬ್, ತಯ್ಯಿಬ್" ಎಂದರು. ಖಲಾಸ್, ಡೇರೆ ಎದ್ದಿತು.

ಚೀಫ್ ಸಂಜೆಗೆ ಬಂದವರೇ ತಗ್ಗಿಗೆ ಇಳಿದು ಮೂಗೆತ್ತಿದರು. ನೆಲಕ್ಕೆ ಬಗ್ಗಿ ಮೂಸಿದರು. "ಏನಾದರೂ ವಾಸನೆ ಇದೆಯಾ ಸಾರ್?" ಎಂದೆ, ಸ್ವಲ್ಪ ಕೊಂಕಿನಿಂದಲೇ.

"ಎಂತದೂ ಇಲ್ಲ." ತೋಳು ಕೆರೆದುಕೊಂಡರು. "ಬಂದರಿನಲ್ಲಿ ಸೊಳ್ಳೆ ನನ್ನನ್ನು ತಿಂದು ಹಾಕಿದೆ. ಇಲ್ಲಿ ಎಂತಕ್ಕೆ ಒಂದೂ ಇಲ್ಲ?"

"ಇಲ್ಲದಿದ್ದರೆ ಒಳ್ಳೆಯದೇ ಅಲ್ಲವಾ?"

"ಸೊಳ್ಳೆಗೆ ಬೇಡದ ಜಾಗ ನನಗೂ ಬೇಡ."

ಅದೇ ಮುದುಕರ ಬಳಿಗೆ ಹೋದರು. ಮುದುಕರ ಆಡುಗಳು ತೋಟದ ತುಂಬ ಮೇಯುತ್ತಿದ್ದವು, ತಗ್ಗಿನಲ್ಲಿ ಮಾತ್ರ ಒಂದು ಹಿಕ್ಕೆಯೂ ಇರಲಿಲ್ಲ. ಚೀಫ್‌ಗೆ ಒಂದು ನಿಯಮವಿತ್ತು: ಹೌದು ಎಂದು ಉತ್ತರಿಸಬಹುದಾದ ಪ್ರಶ್ನೆಯನ್ನು ಯಾರಿಗೂ ಕೇಳುತ್ತಿರಲಿಲ್ಲ. ಜಾಗ ಹೇಗಿದೆ ಎಂಬ ಮಾತನ್ನೇ ಎತ್ತಲಿಲ್ಲ. "ನಿಮ್ಮ ಆಡುಗಳು ಅಲ್ಲಿಗೆ ಯಾಕೆ ಇಳಿಯುವುದಿಲ್ಲ?" ಎಂದರು.

ಮುದುಕರು ಕೋಲಿನಿಂದ ತಗ್ಗನ್ನು ತೋರಿಸಿದರು. "ಗಾಳಿ ಇದ್ದಾಗ ಏನಿಲ್ಲ. ಗಾಳಿ ನಿಂತರೆ ಬೆಟ್ಟ ಅಲ್ಲಿ ಉಸಿರು ಬಿಡುತ್ತದೆ. ಆಗ ಇಳಿದ ಆಡು ಹತ್ತಿ ಬರುವುದಿಲ್ಲ" ಎಂದರು.

ನನಗೆ ಪಿತ್ತ ನೆತ್ತಿಗೇರಿತು. "ನನ್ನ ಹತ್ತಿರ ಚೆನ್ನಾಗಿದೆ ಅಂದಿರಲ್ಲ?"

"ನೀವು ಅತಿಥಿಗಳು. ಚೆನ್ನಾಗಿದೆಯಾ ಎಂದು ಕೇಳಿದಿರಿ. ಇಲ್ಲ ಎನ್ನುವುದು ಹೇಗೆ?"

ನಾನು ನಂಬಲಿಲ್ಲ. ಒಂದೇ ದಿನದಲ್ಲಿ ಎರಡು ಮಾತು ಆಡುವ ಮುದುಕ, ಕಿರಿಯನು ಆರಿಸಿದ ಜಾಗವನ್ನು ಒಪ್ಪಲಾರದ ಮೇಲಧಿಕಾರಿ. ಇಬ್ಬರೂ ಸೇರಿ ಏನೋ ಹೂಡಿದ್ದಾರೆ ಎಂದೇ ಅನಿಸಿತು. ದಿಬ್ಬದ ಮೇಲೆ ಕೊಬ್ಬರಿ ಒಣಗಿಸುವ ಒಂದು ಶೆಡ್ ಇತ್ತು, ಕಡಲು ಕಾಣುವಂಥದ್ದು. ಚೀಫ್‌ಗೆ ಅದರ ಮೇಲೇ ಕಣ್ಣಿರಬೇಕು. ಅವರು ಹೇಳಿದಂತೆ ಸುರಿಯುವ ಮಳೆಯಲ್ಲಿ ಡೇರೆ ಬಿಚ್ಚಿ, ಸಾಮಾನು ಹೊತ್ತು ಆ ಶೆಡ್ಡಿಗೆ ಏರಿದೆವು. ಗಾರೆಯವರು ತೆಲುಗಿನಲ್ಲಿ ಬಯ್ದರು, ಡ್ರೈವರ್ ಪಶ್ತೋದಲ್ಲಿ. ನಾನು ಚೀಫ್ ಜೊತೆ ಊಟಕ್ಕೆ ಕೂರಲಿಲ್ಲ.

ಬೆಳಿಗ್ಗೆ ಎದ್ದಾಗ ಒಂದು ಗರಿಯೂ ಅಲ್ಲಾಡುತ್ತಿರಲಿಲ್ಲ. ಡ್ರೈವರ್ ಬ್ರೆಡ್ ಹಾಕಿ ಪಳಗಿಸಿಕೊಂಡಿದ್ದ ನಾಯಿ ಕೆಳಗೆ ತಗ್ಗಿನಲ್ಲಿ ಅಡ್ಡ ಬಿದ್ದಿತ್ತು. ಅವನು ಕರೆದ. ಏಳಲಿಲ್ಲ. ಇಳಿಯಲು ಹೊರಟವನ ಅಂಗಿಯನ್ನು ಚೀಫ್ ಹಿಂದಿನಿಂದ ಹಿಡಿದರು. "ಛೋಡೋ ಸಾಬ್" ಎಂದು ಅವನು ಕೊಸರಿದ ರಭಸಕ್ಕೆ ಅಂಗಿ ಹರಿಯಿತು. ಅವರು ಅವನ ತೋಳು ಹಿಡಿದರು.

"ಲಾಟೀನು ಹಚ್ಚಿ ತಾ, ಹಗ್ಗವೂ ಬೇಕು" ಎಂದು ನನಗೆ ಹೇಳಿದರು. ನಮ್ಮ ಊರುಗಳಲ್ಲಿ ಪಾಳುಬಾವಿಗೆ ಇಳಿಯುವ ಮೊದಲು ಒಳಗೆ ಕೆಟ್ಟ ಗಾಳಿ ಇದೆಯೇ ಎಂದು ದೀಪ ಇಳಿಸಿ ನೋಡುವುದಿಲ್ಲವೇ, ಹಾಗೆ ಬಂಡೆಯ ಅಂಚಿನಿಂದ ಲಾಟೀನನ್ನು ಮೆಲ್ಲಗೆ ಇಳಿಬಿಟ್ಟರು. ನಾಯಿಯ ಬೆನ್ನಿನ ಮಟ್ಟಕ್ಕೆ ಬರುವಷ್ಟರಲ್ಲಿ ದೀಪ ಆರಿತು. ಮೇಲೆಳೆದು ಹಚ್ಚಿ ಮತ್ತೆ ಬಿಟ್ಟರು. ಅಲ್ಲೇ ಆರಿತು. ಹಿಂದಿನ ದಿನ ನಾನು ನನ್ನ ಹಾಸಿಗೆ ಹಾಸಿದ್ದು ನಾಯಿ ಬಿದ್ದಿದ್ದ ಜಾಗದಲ್ಲೇ. ಡ್ರೈವರ್ ಹರಿದ ಅಂಗಿಯಲ್ಲಿ ಅಳುತ್ತಿದ್ದ. ಚೀಫ್ ಮಾತ್ರ ಹಗ್ಗ ಸುತ್ತಿಕೊಂಡು, "ಚಾ ಮಾಡಿ" ಎಂದರು.

ಶಾಲೆ ಕಟ್ಟಿ ಮುಗಿಸಿ ಬಂದೆವು. ಹೆರಿಗೆಗೆ ನಾನು ಮನೆಯಲ್ಲಿದ್ದೆ, ಹೆಣ್ಣುಮಗು. ಆದರೆ ನನ್ನ ತಲೆಯೊಳಗೆ ಒಂದು ಹುಳ ಹೊಕ್ಕಿತ್ತು. ಚೀಫ್‌ಗೆ ಅದೆಲ್ಲ ಮೊದಲೇ ಗೊತ್ತಿತ್ತೇ? ಗೊತ್ತಿದ್ದೂ ಬಾಯಿಬಿಟ್ಟು ಹೇಳದೆ, ಎಲ್ಲರ ಮುಂದೆ ನನ್ನನ್ನು ಪೆದ್ದನನ್ನಾಗಿ ಮಾಡಲು ದೀಪದ ಆಟ ಆಡಿದರೇ? ಕೇಳೋಣವೆಂದರೆ ಹೌದು ಇಲ್ಲ ಎನ್ನುವ ಮನುಷ್ಯನಲ್ಲ. ಹಾಗೆಯೇ ಮೂರು ವರ್ಷ ಕಳೆಯಿತು.

ಆಮೇಲೆ ಅವರ ಶ್ವಾಸಕೋಶ ಕೈಕೊಟ್ಟಿತು. ಆಸ್ಪತ್ರೆಗೆ ಮಗಳನ್ನೂ ಕರೆದುಕೊಂಡು ಹೋದೆವು. ಅವಳು ಮಂಚ ಹತ್ತಿ ಅವರ ಕಾಲ ಬಳಿ ಕುಳಿತಳು. ಹೆಂಡತಿ ಡಾಕ್ಟರನ್ನು ಕಾಣಲು ಹೊರಗೆ ಹೋದಾಗ ಕೇಳಿಯೇ ಬಿಟ್ಟೆ. "ಸಾರ್, ಅವತ್ತು ಆ ತಗ್ಗಿನಲ್ಲಿ ನಿಮಗೆ ಏನು ಗೊತ್ತಿತ್ತು?"

ಅವರು ಉಸಿರು ಹಿಡಿದು ಹಿಡಿದು ಹೇಳಿದರು. "ಎಂತ ಗೊತ್ತಿರುವುದು ಮಾರಾಯ? ನನಗೆ ಹೆದರಿಕೆ ಆಯಿತು, ಅಷ್ಟೇ. ಸಣ್ಣದಿರುವಾಗಿಂದ ಎಲ್ಲದಕ್ಕೂ ಹೆದರಿಕೆಯೇ ನನಗೆ. ಇಂಜಿನಿಯರ್ ಆದವ ಹೆದರಿಕೆ ಅನ್ನಲಿಕ್ಕಾಗುತ್ತದಾ, ಅದಕ್ಕೆ ಅನುಮಾನ ಅನ್ನುತ್ತಿದ್ದೆ."

ಮಗಳ ಕಡೆ ತಿರುಗಿ ಮತ್ತೆ ಅಂದರು. "ಬಸುರಿ ಹೆಂಗಸು. ವಾಪಸು ಬಂದು ಅವಳ ಬಾಗಿಲು ತಟ್ಟಿ ಎಂತ ಹೇಳುವುದು ಅಂತ ಹೆದರಿಕೆ ಆಯಿತು."

ಮಗಳು ಅವರ ಹೆಬ್ಬೆರಳು ಎಳೆಯುತ್ತಿದ್ದಳು. ಎರಡು ದಿನದ ಮೇಲೆ ಅವರು ತೀರಿಕೊಂಡರು. ಆಸ್ಪತ್ರೆಯಿಂದ ಸುದ್ದಿ ತಂದವನು ನಾನು. ರಿಗ್ಗೈಯ ನಮ್ಮ ಬಾಗಿಲ ಮುಂದೆ ನಿಂತು, ಒಳಗಿರುವ ಹೆಂಡತಿಗೆ ಏನು ಹೇಳಲಿ ಎಂದು ತಿಳಿಯದೆ, ತಟ್ಟಲು ಎತ್ತಿದ ಕೈಯನ್ನು ಎಷ್ಟೋ ಹೊತ್ತು ಹಾಗೆಯೇ ಹಿಡಿದುಕೊಂಡಿದ್ದೆ.